ಬಂಡಿಗೂ ಬುತ್ತಿ ಬೇಕು

ಹಿಮಾಚಲ ಪ್ರದೇಶದ ಲಾಹೌಲ್ ಸೀಮೆಯಲ್ಲಿ ತಾಂಡಿ ಎಂಬ ಪುಟ್ಟ ಊರಿದೆ. ಬಾರಾಲಾಚಾ ಘಟ್ಟದ ಎರಡು ಮಗ್ಗುಲಲ್ಲಿ ಹುಟ್ಟುವ ಚಂದ್ರಾ ಮತ್ತು ಭಾಗಾ ಎಂಬ ಹೊಳೆಗಳು ಮುನಿಸಿಕೊಂಡ ಅಕ್ಕತಂಗಿಯರಂತೆ ಬೇರೆ ಬೇರೆ ದಿಕ್ಕು ಹಿಡಿದು ಹೊರಟು, ಬೆಟ್ಟಗಳನ್ನು ಬಳಸಿ ಬಂದು, ಕೊನೆಗೆ ಈ ತಾಂಡಿಯಲ್ಲಿಯೇ ಒಂದಾಗುತ್ತವೆ. ಅಲ್ಲಿಂದ ಮುಂದೆ ನದಿಗೆ ಚಂದ್ರಭಾಗಾ ಎಂದು ಹೆಸರು. ಬಯಲಿನ ಜನ ಅದನ್ನೇ ಚಿನಾಬ್ ಎನ್ನುತ್ತಾರೆ.

ಆದರೆ ಮನಾಲಿಯಿಂದ ಲೇಹ್‌ಗೆ ಹೋಗುವ ಪ್ರವಾಸಿಗಳ ನಾಲಗೆಯ ಮೇಲೆ ತಾಂಡಿಯ ಹೆಸರು ನೆಲೆಸಿರುವುದು ಈ ಸಂಗಮದಿಂದಲ್ಲ, ಒಂದು ಪೆಟ್ರೋಲ್ ಬಂಕಿನಿಂದ. ಮುಂದಿನ ಬಂಕು 365 ಕಿಲೋಮೀಟರ್ ದೂರದಲ್ಲಿದೆ ಎಂದು ಸಾರುತ್ತಿದ್ದ ಅಲ್ಲಿನ ಫಲಕವು ಬಹುಕಾಲ ದೇಶವಿದೇಶಗಳ ಪ್ರವಾಸಿಗಳ ಭಾವಚಿತ್ರಗಳಲ್ಲಿ ಮೆರೆಯಿತು. ಆ ಲೆಕ್ಕ ಲೇಹ್ ಪಟ್ಟಣದವರೆಗಿನದು. ಲೇಹ್‌ಗೆ ಸುಮಾರು 35 ಕಿಲೋಮೀಟರ್ ಈಚೆಗೇ, ಸಿಂಧೂ ನದಿಯ ದಂಡೆಯ ಕಾರೂ ಎಂಬ ಗ್ರಾಮದಲ್ಲಿ, ಇನ್ನೊಂದು ಬಂಕು ಇದೆ. ಆದರೂ ನಡುವೆ ಉಳಿಯುವ ದಾರಿ ಕಡಿಮೆಯದಲ್ಲ. 2020ರ ಅಕ್ಟೋಬರಿನಲ್ಲಿ ತೆರೆದ 9 ಕಿಲೋಮೀಟರಿನ ಅಟಲ್ ಸುರಂಗವು ಮನಾಲಿಯಿಂದ ಲಾಹೌಲಿಗೆ ಬರುವ ದಾರಿಯನ್ನು 46 ಕಿಲೋಮೀಟರಿನಷ್ಟು ಕುಗ್ಗಿಸಿತು. ತಾಂಡಿಯಿಂದಾಚೆಯ ಘಟ್ಟಗಳನ್ನು ಕುಗ್ಗಿಸಲಿಲ್ಲ.

ನಮ್ಮ ಹಿರಿಯರು ದೂರದ ಪ್ರಯಾಣಕ್ಕೆ ಹೊರಡುವಾಗ ಬುತ್ತಿ ಕಟ್ಟುತ್ತಿದ್ದರು. ಎಷ್ಟು ಹೊತ್ತಿನ ದಾರಿ, ಎಷ್ಟು ಮಂದಿ, ಯಾವ ಅಡುಗೆ ಹಳಸದು, ಯಾವ ಪಾತ್ರೆ ಸೋರದು ಎಂಬ ಲೆಕ್ಕ ಮನೆಯ ಹೆಂಗಸರಿಗೆ ಕರತಲಾಮಲಕವಾಗಿತ್ತು. ಇಂದಿನ ಬಂಡಿಗೂ ಅಂತಹದೇ ಬುತ್ತಿ ಬೇಕಾಗುವ ಕೆಲವು ದಾರಿಗಳು ನಾಡಿನಲ್ಲಿ ಇನ್ನೂ ಉಳಿದಿವೆ. ತಾಂಡಿಯಿಂದಾಚೆಯದು ಅವುಗಳಲ್ಲೊಂದು. ಆದರೆ ಬಂಡಿಯ ಬುತ್ತಿ ಹಳಸುವ ಅನ್ನವಲ್ಲ, ಹೊತ್ತಿಕೊಳ್ಳುವ ಪೆಟ್ರೋಲು. ಅದನ್ನು ಕಟ್ಟುವ ವಿದ್ಯೆಯನ್ನು ಯಾವ ಅಜ್ಜಿಯೂ ಹೇಳಿಕೊಟ್ಟಿಲ್ಲ.

ಬಂಕಿನ ಮುಂದೆ ಒಂದು ಸಂಸಾರ

ಬೆಂಗಳೂರಿನಿಂದ ಬಂದ ಒಂದು ಸಂಸಾರವನ್ನು ಓದುಗರು ಕಣ್ಣ ಮುಂದೆ ತಂದುಕೊಳ್ಳಬಹುದು. ಯಜಮಾನರು, ಅವರ ಪತ್ನಿ, ಹತ್ತು ವರ್ಷದ ಮಗಳು. ಜೂನ್ ತಿಂಗಳ ಒಂದು ಮುಂಜಾನೆ ಅವರ ಕಾರು ತಾಂಡಿಯ ಬಂಕಿನ ಸಾಲಿನಲ್ಲಿ ನಿಂತಿದೆ. ಯಜಮಾನರು ಲೆಕ್ಕದಲ್ಲಿ ಗಟ್ಟಿಗರು. ಊರಿನಲ್ಲಿ ಲೀಟರಿಗೆ 15 ಕಿಲೋಮೀಟರ್ ಓಡುವ ಕಾರು, ಗಾಳಿ ತೆಳುವಾದ ಈ ಏರುದಾರಿಯಲ್ಲಿ, ಮೊದಲ ಎರಡನೆಯ ಗೇರುಗಳಲ್ಲಿಯೇ ಏದುತ್ತ ಸಾಗುವಾಗ, 10 ಕಿಲೋಮೀಟರಿಗಿಂತ ಹೆಚ್ಚು ಕೊಡಲಾರದೆಂದು ಅವರು ಮೊದಲೇ ಎಣಿಸಿದ್ದಾರೆ. ಕಾರೂವಿನವರೆಗೆ 33 ಲೀಟರ್ ಬೇಕು. ಟ್ಯಾಂಕು 40 ಲೀಟರಿನದು. ನೇರವಾಗಿ ಹೋಗುವುದಾದರೆ ಹೆಚ್ಚಿನ ಡಬ್ಬಿಯೇ ಬೇಡ. ಆದರೆ ನಡುವೆ ದಾರಿ ಬಿಟ್ಟು ತ್ಸೋ ಮೊರಿರಿ ಸರೋವರವನ್ನು ನೋಡಿ ಬರಬೇಕೆಂಬುದು ಮಗಳ ಆಸೆ. ಅದಕ್ಕಾಗಿ ನೂರು ಕಿಲೋಮೀಟರಿಗೂ ಮಿಕ್ಕಿದ ಓಡಾಟ. ಅದಕ್ಕೆ 10 ಲೀಟರಿನ ಒಂದು ಡಬ್ಬಿ.

ಇಲ್ಲಿಯವರೆಗೆ ಅವರ ಲೆಕ್ಕ ಸರಿಯೇ. ಎಷ್ಟೋ ಮಂದಿ ಲೆಕ್ಕವನ್ನೇ ಹಾಕದೆ, ಭಯದಿಂದ ಬೇಕಾದ್ದಕ್ಕಿಂತ ಮೂರು ಪಟ್ಟು ಪೆಟ್ರೋಲನ್ನು ಹೇರಿಕೊಂಡು ಹೋಗುತ್ತಾರೆ. ಬೇಕಿಲ್ಲದ ಇಂಧನ ಭದ್ರತೆಯಲ್ಲ, ಬೆನ್ನಿಗೆ ಕಟ್ಟಿಕೊಂಡ ಬೆಂಕಿ.

ಯಜಮಾನರು ತಪ್ಪಿದ್ದು ಬೇರೊಂದು ಕಡೆ. ಡಬ್ಬಿಯನ್ನು ಅವರು ಹಿಂದಿನ ದಿನ ಪೇಟೆಯಲ್ಲಿ ಹಳೆಯ ಸಾಮಾನಿನ ರಾಶಿಯಿಂದ ಆರಿಸಿ ತಂದಿದ್ದರು. ಉಕ್ಕಿನದು, ಗಟ್ಟಿಯಾದದ್ದು, ಅಗ್ಗವಾದದ್ದು. ಮುಚ್ಚಳ ತೆರೆದು ಅದರೊಳಗಿನ ರಬ್ಬರ್ ವಾಷರನ್ನು ಬೆರಳಿನಿಂದ ಮುಟ್ಟಿ ನೋಡಿರಲಿಲ್ಲ.

ಬಂಕಿನ ಹುಡುಗ ಡಬ್ಬಿಯನ್ನು ಡಿಕ್ಕಿಯಲ್ಲಿಯೇ ತುಂಬಿಸಲು ಒಪ್ಪದೆ ಕೆಳಗಿಳಿಸಿ ನೆಲದ ಮೇಲಿಡಿಸಿದ. ಕೊಳವೆಯ ಮೂತಿಯನ್ನು ಡಬ್ಬಿಯ ಬಾಯಿಗೆ ತಾಗಿಸಿ ಹಿಡಿದು, ಮೆಲ್ಲಗೆ ತುಂಬಿದ. ಹರಿಯುವ ಪೆಟ್ರೋಲು ತನ್ನೊಡನೆ ವಿದ್ಯುದಾವೇಶವನ್ನು ಹೊತ್ತು ತರುತ್ತದೆ. ಡಬ್ಬಿ ನೆಲಕ್ಕೂ ಕೊಳವೆಗೂ ತಾಗಿದ್ದರೆ ಅದು ಹರಿದುಹೋಗುತ್ತದೆ, ಡಿಕ್ಕಿಯ ಮೆತ್ತೆಯ ಮೇಲೆ ಬೇರ್ಪಟ್ಟು ಕುಳಿತಿದ್ದರೆ ಕಿಡಿಯಾಗಿ ಹಾರಬಹುದು. ಹುಡುಗನಿಗೆ ಈ ಶಾಸ್ತ್ರ ಗೊತ್ತಿತ್ತೋ ಇಲ್ಲವೋ, ಪದ್ಧತಿ ಗೊತ್ತಿತ್ತು. ಒಂಬತ್ತೂವರೆ ಲೀಟರಿಗೆ ಅವನು ಕೈ ತಡೆದ.

“ಇನ್ನೂ ಜಾಗ ಇದೆಯಲ್ಲ, ಪೂರ್ತಿ ತುಂಬಿಸು. ದುಡ್ಡು ಕೊಡುತ್ತೇನೆ” ಎಂದರು ಯಜಮಾನರು.

“ಅಷ್ಟು ಖಾಲಿ ಇರಲಿ ಸಾಹೇಬ್. ಮೇಲೆ ಹೋದಾಗ ಅದಕ್ಕೆ ಜಾಗ ಬೇಕು” ಎಂದ ಹುಡುಗ.

ಯಜಮಾನರಿಗೆ ಈ ಮಾತು ಜಿಪುಣತನದಂತೆ ಕೇಳಿಸಿತು. ಆದರೆ ಆ ಅರ್ಧ ಲೀಟರಿನ ತೆರಪಿನ ಹಿಂದೆ ಒಂದು ಮಹಾಯುದ್ಧದ ಪಾಠವೇ ಅಡಗಿದೆ.

ಸೀಮೆಎಣ್ಣೆ ಡಬ್ಬವೂ ಜರ್ಮನರ ಡಬ್ಬಿಯೂ

ನಾಲ್ಕು ಗ್ಯಾಲನ್ನಿನ, ಎಂದರೆ ಸುಮಾರು 18 ಲೀಟರಿನ, ಚೌಕನೆಯ ತಗಡಿನ ಡಬ್ಬ ಹಿಂದೆ ಕನ್ನಡ ನಾಡಿನ ಮನೆಮನೆಯ ಒಡನಾಡಿಯಾಗಿತ್ತು. ಸೀಮೆಎಣ್ಣೆ ತುಂಬಿಕೊಂಡು ಬಂದ ಆ ಡಬ್ಬ, ಎಣ್ಣೆ ಮುಗಿದ ಮೇಲೆ ಮೇಲ್ಭಾಗ ಕತ್ತರಿಸಿಕೊಂಡು, ಅಡ್ಡಲಾಗಿ ಒಂದು ಕೋಲು ಹಾಕಿಸಿಕೊಂಡು, ನೀರು ಹೊರಲು, ಅಕ್ಕಿ ತುಂಬಲು, ಕೊನೆಗೆ ಹೂವಿನ ಗಿಡ ನೆಡಲು ಸಲ್ಲುತ್ತಿತ್ತು. ಎರಡನೆಯ ಮಹಾಯುದ್ಧದ ಆರಂಭದಲ್ಲಿ ಬ್ರಿಟಿಷ್ ಸೈನ್ಯವು ಉತ್ತರ ಆಫ್ರಿಕದ ಮರಳುಗಾಡಿಗೆ ಪೆಟ್ರೋಲನ್ನು ಸಾಗಿಸಿದ್ದು ಇದೇ ಬಗೆಯ ತೆಳುತಗಡಿನ ಡಬ್ಬಗಳಲ್ಲಿ. ನಾಲ್ಕನೆಯ ಭಾರತೀಯ ಡಿವಿಷನ್ನಿನ ನಮ್ಮ ಯೋಧರೂ ಕಾದಾಡಿದ ರಣರಂಗ ಅದು. ಲಾರಿಗಳು ಕಲ್ಲುನೆಲದ ಮೇಲೆ ಕುಲುಕಾಡಿದಂತೆ ಡಬ್ಬಗಳ ಬೆಸುಗೆ ಬಿಡುತ್ತಿತ್ತು. ಪೆಟ್ರೋಲು ಮರಳಿಗೆ ಇಂಗುತ್ತಿತ್ತು. ನೆಲೆಯಿಂದ ಹೊರಟ ಪೆಟ್ರೋಲಿನಲ್ಲಿ ನೂರಕ್ಕೆ 30 ಪಾಲು ಹೀಗೆ ವ್ಯರ್ಥವಾಗುತ್ತಿತ್ತೆಂದು ಸೇನಾಪತಿ ಆಕಿನ್‌ಲೆಕ್ ಅಂದಾಜು ಮಾಡಿದ್ದರು. ಆ ಡಬ್ಬಕ್ಕೆ ಸಿಕ್ಕ ಒಂದೇ ಒಂದು ಸದುಪಯೋಗವೆಂದರೆ, ಅದನ್ನು ಕತ್ತರಿಸಿ, ಮರಳು ತುಂಬಿ, ಪೆಟ್ರೋಲು ಸುರಿದು ಹೊತ್ತಿಸಿ ಸೈನಿಕರು ಚಹ ಕಾಯಿಸಿಕೊಳ್ಳುತ್ತಿದ್ದುದು.

ಎದುರಾಳಿಗಳ ಬಳಿ ಬೇರೆಯೇ ಪಾತ್ರೆಯಿತ್ತು. 1937ರಲ್ಲಿ ಜರ್ಮನಿಯ ಷ್ವೆಲ್ಮ್ ಪಟ್ಟಣದ ಮ್ಯೂಲರ್ ಕಾರ್ಖಾನೆಯ ಎಂಜಿನಿಯರ್ ವಿನ್ಸೆನ್ಸ್ ಗ್ರೂನ್‌ಫೋಗೆಲ್ ರೂಪಿಸಿದ 20 ಲೀಟರಿನ ಉಕ್ಕಿನ ಡಬ್ಬಿ ಅದು. ಅಚ್ಚಿನಲ್ಲಿ ಒತ್ತಿದ ಎರಡೇ ಎರಡು ತಟ್ಟೆಗಳು. ಅವುಗಳನ್ನು ಕೂಡಿಸುವ ಒಂದೇ ಬೆಸುಗೆ. ಆ ಬೆಸುಗೆಯೂ ಏಟು ತಾಗದಂತೆ ಒಳಸರಿದಿದೆ. ಮಗ್ಗುಲಲ್ಲಿ ಗುಣಾಕಾರ ಚಿಹ್ನೆಯಂತೆ ಒತ್ತಿದ ಗೀರುಗಳು. ಅವು ತಗಡಿಗೆ ಬಲ ಕೊಡುತ್ತವೆ, ಒಳಗಿನದು ಉಬ್ಬಿದಾಗ ಹಿಗ್ಗಲು ಎಡೆಯನ್ನೂ ಕೊಡುತ್ತವೆ. ಮೇಲೆ ಒಂದಲ್ಲ, ಮೂರು ಹಿಡಿಗಳು: ತುಂಬಿದ ಡಬ್ಬಿಯನ್ನು ಇಬ್ಬರು ಹಿಡಿಯಬಹುದು, ಬರಿದಾದ ಎರಡನ್ನು ಒಬ್ಬನೇ ಒಂದು ಕೈಯಲ್ಲಿ ಹಿಡಿಯಬಹುದು. ಮುಚ್ಚಳಕ್ಕೆ ತಿರುಪಿಲ್ಲ, ಸನ್ನೆಯನ್ನು ಒತ್ತಿದರೆ ಬಿಗಿಯಾಗಿ ಕೂರುತ್ತದೆ, ಎತ್ತಿದರೆ ತೆರೆಯುತ್ತದೆ, ಅದು ತಿರುಗಿ ಬಿದ್ದುಹೋಗುವುದಿಲ್ಲ. ಬಾಯಿಯ ಒಳಗೆ ಗಾಳಿಯಾಡುವ ಒಂದು ಸಣ್ಣ ಕೊಳವೆ ಇರುವುದರಿಂದ ಪೆಟ್ರೋಲು ಗಳಗಳನೆ ಚೆಲ್ಲದೆ ಧಾರೆಯಾಗಿ ಇಳಿಯುತ್ತದೆ.

ಎಲ್ಲಕ್ಕಿಂತ ಮಿಗಿಲಾದ ಜಾಣ್ಮೆ ಹಿಡಿಗಳ ಕೆಳಗಿದೆ. ಅಲ್ಲಿ ಉಬ್ಬಿದಂತಿರುವ ಭಾಗ ಡಬ್ಬಿಯನ್ನು ನಿಲ್ಲಿಸಿ ತುಂಬಿದಾಗ ಬರಿದಾಗಿಯೇ ಉಳಿಯುತ್ತದೆ. ಆ ಗಾಳಿಯ ಕೋಣೆಯಿಂದಾಗಿ ಪೆಟ್ರೋಲು ತುಂಬಿದ ಡಬ್ಬಿಯೂ ನೀರಿನಲ್ಲಿ ತೇಲುತ್ತದೆ. ಬಿಸಿಲಿಗೆ ಪೆಟ್ರೋಲು ಹಿಗ್ಗಿದರೆ ಅದಕ್ಕೆ ಇಂಬೂ ಸಿಗುತ್ತದೆ. ತುಂಬಿಸುವವನು ಅವಸರದವನಾದರೂ ತೆರಪು ತಪ್ಪದಂತೆ ಎಂಜಿನಿಯರನೇ ಅದನ್ನು ಉಕ್ಕಿನಲ್ಲಿ ಕಟ್ಟಿಟ್ಟಿದ್ದಾನೆ.

ಈ ಡಬ್ಬಿಯ ಗುಟ್ಟು ಹೊರಜಗತ್ತನ್ನು ಮುಟ್ಟಿದ ಕಥೆಯಲ್ಲಿ ಭಾರತಕ್ಕೂ ಒಂದು ಪಾಲುಂಟು. 1939ರಲ್ಲಿ ಪಾಲ್ ಪ್ಲೈಸ್ ಎಂಬ ಅಮೆರಿಕನ್ ಎಂಜಿನಿಯರು ತನ್ನ ಜರ್ಮನ್ ಸಹೋದ್ಯೋಗಿಯೊಬ್ಬನೊಡನೆ ಬರ್ಲಿನ್‌ನಿಂದ ಭಾರತಕ್ಕೆ ಕಾರಿನಲ್ಲಿ ಹೊರಟ. ದಾರಿಗೆ ನೀರು ಒಯ್ಯಲು ಪಾತ್ರೆಯಿಲ್ಲವೆಂದು ಹೊಳೆದಾಗ ಆ ಜರ್ಮನನು ಟೆಂಪೆಲ್‌ಹಾಫ್ ವಿಮಾನ ನಿಲ್ದಾಣದಲ್ಲಿ ಸೈನ್ಯಕ್ಕೆಂದು ಕೂಡಿಟ್ಟಿದ್ದ ರಾಶಿಯಿಂದ ಮೂರು ಡಬ್ಬಿಗಳನ್ನು ತೆಗೆದುಕೊಂಡು ಬಂದ. ನಡುದಾರಿಯಲ್ಲಿ ಅವನನ್ನು ಸರಕಾರ ಹಿಂದಕ್ಕೆ ಕರೆಸಿಕೊಂಡಿತು. ಹೋಗುವ ಮುನ್ನ ಅವನು ಡಬ್ಬಿಯನ್ನು ಮಾಡುವ ಕ್ರಮವನ್ನೆಲ್ಲ ಗೆಳೆಯನಿಗೆ ತಿಳಿಸಿದ. ಪ್ಲೈಸ್ ಒಬ್ಬನೇ ಕಲ್ಕತ್ತೆಯವರೆಗೆ ಬಂದು, ಕಾರನ್ನು ಅಲ್ಲಿ ಬಿಟ್ಟು ಸ್ವದೇಶಕ್ಕೆ ಮರಳಿ, ಅಮೆರಿಕದ ಸೇನಾಧಿಕಾರಿಗಳಿಗೆ ವಿಷಯ ಹೇಳಿದ. ಅವರು ಕಿವಿಗೊಡಲಿಲ್ಲ. ಮುಂದೆ ಅವರು ಅದನ್ನು ಅನುಕರಿಸಿದಾಗಲೂ ಹೊರರೂಪವನ್ನು ಉಳಿಸಿಕೊಂಡು ಬೆಸುಗೆಯನ್ನೂ ಬಾಯಿಯನ್ನೂ ಬದಲಿಸಿಬಿಟ್ಟರು. ಆ ಡಬ್ಬಿಗೆ ಲಾಳಿಕೆಯೂ ಬೇಕಾಯಿತು, ಮುಚ್ಚಳ ತೆಗೆಯಲು ಸ್ಪ್ಯಾನರೂ ಬೇಕಾಯಿತು. ಬ್ರಿಟಿಷರು ಮಾತ್ರ ಮರಳುಗಾಡಿನಲ್ಲಿ ವೈರಿಯಿಂದ ವಶಪಡಿಸಿಕೊಂಡ ಡಬ್ಬಿಗಳನ್ನು ಕಣ್ಣಿಗೊತ್ತಿಕೊಂಡು ಬಳಸಿ, ಬಳಿಕ ಅದನ್ನೇ ಇದ್ದಂತೆ ತಯಾರಿಸಿದರು. ಸೈನಿಕರ ಆಡುಮಾತಿನಲ್ಲಿ ಜರ್ಮನನೆಂದರೆ ‘ಜೆರ್ರಿ’. ಡಬ್ಬಿಗೆ ‘ಜೆರ್ರಿ ಕ್ಯಾನ್’ ಎಂಬ ಹೆಸರು ನಿಂತಿತು. ಈ ಡಬ್ಬಿಗಳಿಲ್ಲದಿದ್ದರೆ ಫ್ರಾನ್ಸಿನಲ್ಲಿ ತಮ್ಮ ಸೈನ್ಯ ಅಷ್ಟು ವೇಗದಿಂದ ಮುನ್ನುಗ್ಗಲು ಸಾಧ್ಯವೇ ಇರಲಿಲ್ಲವೆಂದು ಅಧ್ಯಕ್ಷ ರೂಸ್‌ವೆಲ್ಟರೇ 1944ರಲ್ಲಿ ಒಪ್ಪಿಕೊಂಡರು.

ಇಂದಿಗೂ ಡಬ್ಬಿಯನ್ನು ಆರಿಸುವವನಿಗೆ ಈ ಲಕ್ಷಣಗಳೇ ಒರೆಗಲ್ಲು. ಅದಕ್ಕೆ ಭಾರತದ ಕಾನೂನಿನ ಮಾತನ್ನೂ ಸೇರಿಸಿಕೊಳ್ಳಬೇಕು. 1934ರ ಪೆಟ್ರೋಲಿಯಂ ಕಾಯಿದೆಯ ಪ್ರಕಾರ, ಮಾರಾಟಕ್ಕಲ್ಲದ ಪೆಟ್ರೋಲನ್ನು ಪರವಾನಿಗೆಯಿಲ್ಲದೆ ಒಬ್ಬರು ಇಟ್ಟುಕೊಳ್ಳಬಹುದಾದದ್ದು ಒಟ್ಟು 30 ಲೀಟರ್. ಅದೂ ಭದ್ರವಾಗಿ ಮುಚ್ಚಿದ ಪಾತ್ರೆಯಲ್ಲಿ, ಲೋಹದ್ದಾದರೆ 25 ಲೀಟರ್ ಮೀರದಂತೆ. ಕುಡಿಯುವ ನೀರಿನ ಪ್ಲಾಸ್ಟಿಕ್ ಬಾಟಲಿಗೆ ಅಲ್ಲಿ ಸ್ಥಾನವಿಲ್ಲ. ಕಾನೂನನ್ನು ಬದಿಗಿಟ್ಟರೂ, ಮಕ್ಕಳಿರುವ ಬಂಡಿಯಲ್ಲಿ ನೀರಿನ ಬಾಟಲಿಯೊಳಗೆ ಪೆಟ್ರೋಲು ಇಡುವುದಕ್ಕಿಂತ ಘೋರವಾದ ಅವಿವೇಕ ಇನ್ನೊಂದಿಲ್ಲ. ಮರಳುಗಾಡಿನಲ್ಲಿ ಜರ್ಮನರು ನೀರಿನ ಡಬ್ಬಿಯ ಮೇಲೆ ದೊಡ್ಡದಾಗಿ ಬಿಳಿಯ ಶಿಲುಬೆಯನ್ನು ಬರೆಯುತ್ತಿದ್ದರು. ಬಾಯಾರಿದವನು ಅಕ್ಷರ ಓದುತ್ತ ಕೂರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಜಿಂಗ್‌ಜಿಂಗ್‌ಬಾರಿನಲ್ಲಿ

ತಾಂಡಿಯಿಂದ ಹೊರಟ ಸಂಸಾರ ಕೇಲಾಂಗ್, ಜಿಸ್ಪಾ, ದಾರ್ಚಾಗಳನ್ನು ದಾಟಿ ಏರತೊಡಗಿತು. ಹಸಿರು ಹಿಂದೆ ಉಳಿದು ಕಂದು ಬಣ್ಣದ ಬೆಟ್ಟಗಳು ಎದುರಾದವು. ಡಬ್ಬಿ ಡಿಕ್ಕಿಯಲ್ಲಿ, ಹಾಸಿಗೆಯ ಸುರುಳಿಗಳ ನಡುವೆ ಇತ್ತು. ಚಳಿಗೆ ಕಾರಿನ ಗಾಜುಗಳೆಲ್ಲ ಮುಚ್ಚಿದ್ದವು. ಸುಮಾರು 4,270 ಮೀಟರ್ ಎತ್ತರದ ಜಿಂಗ್‌ಜಿಂಗ್‌ಬಾರಿನ ಡೇರೆ ಅಂಗಡಿಗಳ ಬಳಿಗೆ ಬರುವ ಹೊತ್ತಿಗೆ ಹಿಂದಿನ ಸೀಟಿನಲ್ಲಿದ್ದ ಹುಡುಗಿ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು.

“ರೀ, ಮಗುವಿಗೆ ತಲೆನೋವಂತೆ. ಹೊಟ್ಟೆ ತೊಳಸುತ್ತಿದೆ ಅನ್ನುತ್ತಿದ್ದಾಳೆ.”

“ಎತ್ತರಕ್ಕೆ ಬಂದಿದ್ದೇವಲ್ಲ, ಎಲ್ಲರಿಗೂ ಹಾಗಾಗುತ್ತೆ. ಸ್ವಲ್ಪ ಹೊತ್ತು ತಡೆದರೆ ಘಟ್ಟ ದಾಟಿಬಿಡಬಹುದು.”

“ನನಗೂ ತಲೆ ಸಿಡಿಯುತ್ತಿದೆ. ಏನೋ ವಾಸನೆ ಬೇರೆ. ಮೊದಲು ಗಾಡಿ ನಿಲ್ಲಿಸಿ.”

ಆ ತಾಯಿಯ ಮೂಗು ಅಂದು ಆ ಸಂಸಾರವನ್ನು ಕಾಯಿತು. ತಲೆನೋವು, ವಾಕರಿಕೆ, ಮಂಪರು: ಇವು ಎತ್ತರದ ಬೇನೆಯ ಗುರುತುಗಳೂ ಹೌದು, ಪೆಟ್ರೋಲಿನ ಆವಿಯನ್ನು ಉಸಿರಾಡಿದವರ ಗುರುತುಗಳೂ ಹೌದು. ಎತ್ತರದ ಬೇನೆಯನ್ನು ಆವಿಯೆಂದು ಬಗೆದು ಮೇಲಕ್ಕೆ ಸಾಗಿದರೆ ಪ್ರಾಣಕ್ಕೆ ಸಂಚಕಾರ. ಆವಿಯನ್ನು ಎತ್ತರದ ಬೇನೆಯೆಂದು ಬಗೆದು ಗಾಜು ಮುಚ್ಚಿ ಕುಳಿತರೂ ಹಾಗೆಯೇ; ಆಗ ಯಾರಾದರೂ ಒಂದು ಬೆಂಕಿಕಡ್ಡಿ ಗೀರಿದರೆ ಸಾಕು. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲಕ್ಕೇರಿ ಚದುರದೆ ಕಾರಿನ ತಳದಲ್ಲಿ ಹರಡಿ ನಿಲ್ಲುತ್ತದೆ. ಗಡ್ಡೆ ಕಟ್ಟುವ ಚಳಿಯಲ್ಲಿಯೂ ಅದು ಹೊತ್ತಿಕೊಳ್ಳಬಲ್ಲದು.

ಡಿಕ್ಕಿ ತೆರೆದಾಗ ವಾಸನೆ ಮುಖಕ್ಕೆ ರಾಚಿತು. ಡಬ್ಬಿಯ ಮುಚ್ಚಳದ ಸುತ್ತ ಒದ್ದೆ. ಹಾಸಿಗೆಯ ಅಂಚಿನಲ್ಲಿ ಕಲೆ. ಯಜಮಾನರು ಡಬ್ಬಿಯನ್ನು ಡೇರೆಗಳ ಒಲೆಗಳಿಂದ ದೂರ ಒಯ್ದು ನೆಲದ ಮೇಲಿಟ್ಟು, ಮುಖವನ್ನು ಹಿಂದಕ್ಕೆ ಸರಿಸಿ, ಸನ್ನೆಯನ್ನು ಮೆಲ್ಲಗೆ ಸಡಿಲಿಸಿದರು. ಹಾವು ಬುಸುಗುಟ್ಟಿದಂತೆ ಸದ್ದಾಯಿತು. ತಾಂಡಿಯ ಗಾಳಿಯನ್ನು ಒಳಗಿಟ್ಟುಕೊಂಡು ಮುಚ್ಚಿದ ಡಬ್ಬಿ ಅದು. ಇಲ್ಲಿ ಹೊರಗಿನ ಗಾಳಿಯ ಒತ್ತಡ ಅದಕ್ಕಿಂತ ಬಹಳ ಕಡಿಮೆ. ಮುಂದೆ 5,328 ಮೀಟರಿನ ತಂಗ್‌ಲಾಂಗ್ ಲಾ ಘಟ್ಟದ ನೆತ್ತಿಯಲ್ಲಿ ಅದು ಸಮುದ್ರತೀರದ ಒತ್ತಡದ ಅರ್ಧಕ್ಕೆ ಇಳಿಯುತ್ತದೆ. ಬಿಸಿಲಿನ ಪಾಲು ಬೇರೆ: 20 ಲೀಟರ್ ಪೆಟ್ರೋಲು 30 ಡಿಗ್ರಿ ಹೆಚ್ಚು ಕಾದರೆ ಅರ್ಧ ಲೀಟರಿಗೂ ಮಿಕ್ಕಿ ಹಿಗ್ಗುತ್ತದೆ. ಡಬ್ಬಿ ಕಂಠಮಟ್ಟ ತುಂಬಿದ್ದಿದ್ದರೆ ಆಗ ಹೊರಗೆ ಬರುತ್ತಿದ್ದುದು ಬರಿಯ ಗಾಳಿಯಲ್ಲ, ಪೆಟ್ರೋಲಿನ ಚಿಲುಮೆ. ಅದು ಅವರ ಮುಖದ ಮೇಲೆಯೇ. ಬಂಕಿನ ಹುಡುಗ ಬಿಟ್ಟ ತೆರಪಿನ ಬೆಲೆ ಈಗ ತಿಳಿಯಿತು.

ವಾಷರನ್ನು ಬೆರಳಿನಿಂದ ಒತ್ತಿದರೆ ಬಿಸ್ಕತ್ತಿನಂತೆ ಮುರಿಯಿತು. ಬದಲಿಗೆ ಇನ್ನೊಂದು ಇರಲಿಲ್ಲ. ತಾಂಡಿಯಿಂದ 65 ಕಿಲೋಮೀಟರ್ ಬಂದಿದ್ದರಿಂದ ಟ್ಯಾಂಕಿನಲ್ಲಿ ಆರು ಲೀಟರಿನಷ್ಟು ಜಾಗವಾಗಿತ್ತು. ಎಂಜಿನ್ ಆರಿಸಿ, ಆರಲು ಬಿಟ್ಟು, ಜಾಲರಿಯಿದ್ದ ಲಾಳಿಕೆಯಿಂದ ಅಷ್ಟನ್ನು ಅದಕ್ಕೆ ಇಳಿಸಿದರು. ಇದನ್ನು ಅವರು ಮೊದಲೇ ಮಾಡಬೇಕಾಗಿತ್ತು: ಟ್ಯಾಂಕಿನಲ್ಲಿ ಜಾಗವಾದ ಕೂಡಲೆ ಡಬ್ಬಿಯದನ್ನು ಅದಕ್ಕೆ ಸೇರಿಸುವುದೇ ಕ್ರಮ. ಬಂಡಿಯಲ್ಲಿ ಪೆಟ್ರೋಲಿಗೆ ಟ್ಯಾಂಕಿಗಿಂತ ಸುರಕ್ಷಿತವಾದ ಸ್ಥಳ ಬೇರೊಂದಿಲ್ಲ. ಉಳಿದ ಮೂರೂವರೆ ಲೀಟರಿನ ಡಬ್ಬಿಯನ್ನು ನೆಟ್ಟಗೆ ನಿಲ್ಲಿಸಿ ಹೊರಗೆ ಕ್ಯಾರಿಯರಿಗೆ ಬಿಗಿದರು. ಕಾರಿನ ಬಾಗಿಲುಗಳನ್ನೆಲ್ಲ ತೆರೆದಿಟ್ಟರು.

ಅರ್ಧ ಗಂಟೆಯ ಮೇಲೆ ತಾಯಿಯ ತಲೆನೋವು ಇಳಿಯಿತು. ಮಗಳದು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಈಗ ಏನು ಮಾಡಬೇಕು? ಮುಂದೆ ಇರುವುದು ಸುಮಾರು 4,890 ಮೀಟರಿನ ಬಾರಾಲಾಚಾ. ಅದನ್ನು ದಾಟಿದರೆ ಸರ್ಚು ಬಯಲು. ಸರ್ಚುವಿನಲ್ಲಿ ರಾತ್ರಿ ಮಗುವಿಗೆ ಹೆಚ್ಚಾದರೆ ಹಿಂದೆ ಬರಲೂ ಘಟ್ಟ ಏರಬೇಕು, ಮುಂದೆ ಹೋಗಲೂ ಘಟ್ಟ ಏರಬೇಕು. ಬೇಗನೆ ತಗ್ಗಿಗೆ ಇಳಿಯುವ ದಾರಿ ಅಲ್ಲಿಲ್ಲ. ಜಿಂಗ್‌ಜಿಂಗ್‌ಬಾರಿನಿಂದ ಮಾತ್ರ ಹಿಂದಕ್ಕೆ ಇಳಿಜಾರು.

“ಆವಿಯಿಂದಲೇ ಆದದ್ದು, ಈಗ ಸರಿಹೋಗುತ್ತೆ” ಎಂದು ಯಜಮಾನರು ಇನ್ನೊಮ್ಮೆ ಹೇಳಲು ಹೊರಟು, ಪತ್ನಿಯ ಮುಖ ನೋಡಿ ಸುಮ್ಮನಾದರು. ಕಾರು ಹಿಂದಕ್ಕೆ ತಿರುಗಿತು.

ಸುಮಾರು 3,200 ಮೀಟರ್ ಎತ್ತರದ ಜಿಸ್ಪಾದಲ್ಲಿ, ಭಾಗಾ ನದಿಯ ಬದಿಯಲ್ಲಿ, ಅವರು ಎರಡು ರಾತ್ರಿ ಕಳೆದರು. ಮೊದಲನೆಯ ಸಂಜೆಯೇ ಹುಡುಗಿ ಎದ್ದು ರೊಟ್ಟಿ ಕೇಳಿದಳು. ಅದು ಆವಿಯೋ ಎತ್ತರವೋ ಎಂಬುದು ಕೊನೆಗೂ ತೀರ್ಮಾನವಾಗಲಿಲ್ಲ; ತೀರ್ಮಾನವಾಗದಿದ್ದಾಗ ಕೆಳಗಿಳಿಯುವುದೇ ವಿವೇಕ. ತ್ಸೋ ಮೊರಿರಿ ಮತ್ತೊಂದು ಬೇಸಿಗೆಗೆ ಉಳಿಯಿತು.

ಬರಿದಾದ ಡಬ್ಬಿಯ ಆರೈಕೆ

ಡಬ್ಬಿಯಲ್ಲಿ ಉಳಿದಿದ್ದ ಪೆಟ್ರೋಲೂ ಜಿಸ್ಪಾದಲ್ಲಿ ಟ್ಯಾಂಕಿಗೆ ಸೇರಿತು. ಡಬ್ಬಿ ಬರಿದಾದ ಮೇಲೆ ಭಯ ತೀರಿತೆಂದು ಬಹಳ ಮಂದಿ ತಿಳಿಯುತ್ತಾರೆ. ನಿಜ ಅದಕ್ಕೆ ವಿರುದ್ಧ. ದ್ರವವಾದ ಪೆಟ್ರೋಲು ಉರಿಯುತ್ತದೆ. ಗಾಳಿಯೊಡನೆ ನೂರಕ್ಕೆ ಒಂದೂವರೆಯಿಂದ ಏಳೂವರೆ ಪಾಲಿನಷ್ಟು ಬೆರೆತ ಅದರ ಆವಿ ಸಿಡಿಯುತ್ತದೆ. ತಳದಲ್ಲಿ ನಾಲ್ಕು ಹನಿ ಉಳಿದ ಡಬ್ಬಿಯಲ್ಲಿ ಅಂತಹ ಮಿಶ್ರಣಕ್ಕೆ ಧಾರಾಳ ಅವಕಾಶವಿದೆ. ಆದ್ದರಿಂದ ಬರಿದಾದ ಡಬ್ಬಿಯನ್ನೂ ಬಿಗಿಯಾಗಿ ಮುಚ್ಚಿ, ಹೊರಗೇ ಕಟ್ಟಬೇಕು. ತೂತು ಬಿದ್ದ ಹಳೆಯ ಡಬ್ಬಿಯನ್ನು ಬೆಸುಗೆಗೆ ಕೊಡುವ ಸಾಹಸ ಕೂಡದು.

ಊರಿಗೆ ಮರಳಿದ ಮೇಲೆ ಡಬ್ಬಿಯ ಆರೈಕೆ ದೊಡ್ಡ ಕೆಲಸವಲ್ಲ. ಹಗಲು ಬೆಳಕಿನಲ್ಲಿ ಬಾಯಿ ಬಗ್ಗಿಸಿ ಒಳಗೆ ತುಕ್ಕು ಹಿಡಿದಿದೆಯೇ, ಒಳಲೇಪ ಹಕ್ಕಳೆಯೆದ್ದಿದೆಯೇ ಎಂದು ನೋಡಬೇಕು. ನೀರಿನಿಂದ ತೊಳೆದರೆ ತುಕ್ಕನ್ನು ಕರೆದಂತೆ. ಸ್ವಲ್ಪ ಪೆಟ್ರೋಲು ಹಾಕಿ ಕುಲುಕಿ, ಸೋಸಿ, ಅದನ್ನು ಟ್ಯಾಂಕಿಗೇ ಸುರಿಯಬೇಕು, ಚರಂಡಿಗಲ್ಲ. ವಾಷರು ಮೆತ್ತಗಿರಬೇಕು, ಬಿರುಕು ಕಂಡರೆ ಬದಲಿಸಬೇಕು, ಪ್ರಯಾಣದಲ್ಲಿ ಒಂದೆರಡು ಹೆಚ್ಚಿಗೆ ಜೊತೆಯಲ್ಲಿರಬೇಕು. ತುಂಬಿದ ಮೇಲೆ ಡಬ್ಬಿಯನ್ನು ಒಂದು ಗಳಿಗೆ ಮಗ್ಗುಲಾಗಿ ಮಲಗಿಸಿದರೆ ಸೋರುವುದೋ ಇಲ್ಲವೋ ತಿಳಿಯುತ್ತದೆ. ಮಿಕ್ಕ ಪೆಟ್ರೋಲನ್ನು ಮುಂದಿನ ವರ್ಷಕ್ಕೆಂದು ಕೂಡಿಡುವುದು ಸಲ್ಲದು. 2025ರ ವೇಳೆಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್ ಬೆರೆಯುವಂತಾಗಿದೆ. ಅದು ಗಾಳಿಯ ತೇವವನ್ನು ಹೀರುತ್ತದೆ, ನೀರು ಹೆಚ್ಚಾದರೆ ಬೇರ್ಪಟ್ಟು ತಳದಲ್ಲಿ ನಿಲ್ಲುತ್ತದೆ. ಬುತ್ತಿಯನ್ನು ಆಯಾ ಪ್ರಯಾಣಕ್ಕೇ ಉಣ್ಣಬೇಕು.

ಮೂರನೆಯ ದಿನ ನಸುಕಿನಲ್ಲಿಯೇ ಜಿಸ್ಪಾವನ್ನು ಬಿಟ್ಟ ಸಂಸಾರ, ಬಾರಾಲಾಚಾವನ್ನು ಹತ್ತಿ ಇಳಿದು, ಸರ್ಚುವಿನಲ್ಲಿ ತಂಗದೆ, ಗಾಟಾ ಸುತ್ತಿನ 21 ತಿರುವುಗಳನ್ನು ಏರಿ, ಮೋರೆ ಬಯಲನ್ನು ದಾಟಿ, ತಂಗ್‌ಲಾಂಗ್ ಲಾದ ನೆತ್ತಿಯಲ್ಲಿ ಐದೇ ನಿಮಿಷ ನಿಂತು, ಸಂಜೆಯ ಹೊತ್ತಿಗೆ ಸಿಂಧೂ ನದಿಯನ್ನು ಕಂಡಿತು. ಕಾರೂವಿನ ಬಂಕಿನಲ್ಲಿ ಕಾರು ನಿಂತಾಗ ಟ್ಯಾಂಕಿನ ಮುಳ್ಳು ಇನ್ನೂ ಕೆಳಗಿನ ಗೆರೆಯನ್ನು ಮುಟ್ಟಿರಲಿಲ್ಲ. ಕ್ಯಾರಿಯರಿನ ಮೇಲಿದ್ದ ಡಬ್ಬಿಯನ್ನು ನೋಡಿ ಬಂಕಿನವನು, ಅದಕ್ಕೂ ತುಂಬಬೇಕೇ ಎಂದು ಸನ್ನೆ ಮಾಡಿ ಕೇಳಿದ.

“ಬೇಡ. ಅದಕ್ಕೆ ಮೊದಲು ಹೊಸ ವಾಷರ್ ಬೇಕು” ಎಂದರು ಯಜಮಾನರು.

ಹಿಂದಿನ ಸೀಟಿನಿಂದ ಮಗಳು ಇಣುಕಿ ಹೇಳಿದಳು: “ವಾಷರ್ ಹಾಕಿದ ಮೇಲೂ ಪೂರ್ತಿ ತುಂಬಿಸಬಾರದು, ಅಲ್ವಾ ಅಪ್ಪಾ?”